ಗುಡಿಗಿಂತ ಹಳೆಯ ಗದ್ದೆ: ಮಲೆನಾಡಿನ ಹಾಳೂರನ್ನು ಓದುವುದು ಹೇಗೆ?

ಬೇಲೂರಿನ ಚೆನ್ನಕೇಶವ ದೇವರ ಪ್ರತಿಷ್ಠೆ ಆದದ್ದು 1117ರಲ್ಲಿ. ಅಲ್ಲಿಗೆ ಹೋದವರೆಲ್ಲ ಶಿಲಾಬಾಲಿಕೆಯರನ್ನು ನೋಡುತ್ತಾರೆ, ಫೋಟೊ ತೆಗೆದುಕೊಳ್ಳುತ್ತಾರೆ. ನೈವೇದ್ಯದ ಅಕ್ಕಿ ಯಾವ ಗದ್ದೆಯಿಂದ ಬರುತ್ತಿತ್ತು ಎಂದು ಕೇಳುವವರು ಕಡಿಮೆ. ಅದಕ್ಕೆ ಉತ್ತರ ಶಾಸನಗಳಲ್ಲೇ ಇದೆ. ಹೊಯ್ಸಳರ ಕಾಲದ ದಾನಶಾಸನಗಳಲ್ಲಿ ರಾಜನ ಹೊಗಳಿಕೆ ಮುಗಿಯುತ್ತಿದ್ದ ಹಾಗೆ ಲೆಕ್ಕ ಶುರುವಾಗುತ್ತದೆ. ಗದ್ದೆ ಇಷ್ಟು ಸಲಗೆ, ಬೆದ್ದಲು ಇಷ್ಟು ಕೊಳಗ, ಜೊತೆಗೆ ಇಷ್ಟು ತೋಟ. ಸಲಗೆ, ಕೊಳಗ ಎರಡೂ ಕಾಳು ಅಳೆಯುವ ಅಳತೆಗಳು. ಎಷ್ಟು ಬೀಜ ಹಿಡಿಯುತ್ತದೋ ಅಷ್ಟು ನೆಲ ಎಂಬ ಲೆಕ್ಕ. ಆಮೇಲೆ ಎಲ್ಲೆ ಹೇಳುತ್ತಾರೆ: ಮೂಡಲಿಗೆ ಕೆರೆಯ ಕೋಡಿ, ತೆಂಕಲಿಗೆ ನಟ್ಟ ಕಲ್ಲು, ಪಡುವಲಿಗೆ ಹುತ್ತ, ಹೀಗೆ. ಓದುವವರಿಗೆ ಬೇಸರ ತರುವ ಈ ಭಾಗವೇ ನನಗೆ ಶಾಸನದ ಜೀವ ಅನ್ನಿಸುತ್ತದೆ.

ಇನ್ನೂ ಹಿಂದೆ ಹೋಗಬಹುದು. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನ ಎಲ್ಲರಿಗೂ ಗೊತ್ತು. 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದದ್ದು, ಸುಮಾರು ಕ್ರಿ.ಶ. 450ರದ್ದು ಎಂದು ಶಾಲೆಯಲ್ಲೇ ಕಲಿತಿದ್ದೇವೆ. ಅದರ 16 ಸಾಲುಗಳಲ್ಲಿ ಕೊನೆಯದನ್ನು ಮಾತ್ರ ಯಾರೂ ಜಾಸ್ತಿ ಗಮನಿಸುವುದಿಲ್ಲ. ಅಲ್ಲಿ ‘ಗೞ್ದೆ’ ಬರುತ್ತದೆ, ಅಂದರೆ ನಮ್ಮ ಗದ್ದೆ. ಅದರ ಮೇಲಿನ ‘ಪತ್ತೊಂದಿ’, ಅಂದರೆ ಹತ್ತರಲ್ಲಿ ಒಂದು ಪಾಲಿನ ತೆರಿಗೆಯನ್ನು ಬಿಟ್ಟುಕೊಟ್ಟ ಮಾತೂ ಬರುತ್ತದೆ. ತೆರಿಗೆ ಹಾಕಬೇಕಾದರೆ ಬದು ಇರಬೇಕು, ಒಡೆಯ ಇರಬೇಕು, ವರ್ಷ ವರ್ಷ ಬೆಳೆ ಬರಬೇಕು. ಚೆನ್ನಕೇಶವನ ಗುಡಿಗೆ ಕಲ್ಲು ಕಡಿಯುವ ಸುಮಾರು 650 ವರ್ಷ ಮೊದಲೇ ಈ ಸೀಮೆಯಲ್ಲಿ ಲೆಕ್ಕಕ್ಕೆ ಸಿಕ್ಕ ಗದ್ದೆಗಳಿದ್ದವು ಎಂದಾಯಿತು.

ಆ ಗದ್ದೆಗಳೆಲ್ಲ ಈಗ ಎಲ್ಲಿ? ಕೆಲವು ಇವತ್ತಿಗೂ ಉಳುಮೆಯಲ್ಲೇ ಇವೆ. ಕೆಲವು ಕಾಡಿನ ಕೆಳಗೆ, ಕಾಫಿ ತೋಟದ ಕೆಳಗೆ, ಹುಲ್ಲುಗುಡ್ಡದ ಮೈಮೇಲೆ ಸದ್ದಿಲ್ಲದೆ ಬಿದ್ದಿವೆ. ಅವುಗಳ ಪಕ್ಕದಲ್ಲಿ ಒಂದು ಊರೂ ಇದ್ದಿರುತ್ತದೆ. ನಮ್ಮ ಕಡೆ ಅದನ್ನು ಹಾಳೂರು ಅನ್ನುತ್ತಾರೆ. ಕಂದಾಯದ ಕಡತದಲ್ಲಿ ಅದಕ್ಕೆ ಬೇಚರಾಕ್ ಗ್ರಾಮ ಎಂದು ಹೆಸರು. ನಕ್ಷೆಯಲ್ಲಿ ಎಲ್ಲೆ ಇರುತ್ತದೆ, ಸರ್ವೆ ನಂಬರ್ ಇರುತ್ತದೆ, ಆದರೆ ಒಂದು ಮನೆಯೂ ಇರುವುದಿಲ್ಲ.

ಮಳೆ ಏನನ್ನು ಉಳಿಸುತ್ತದೆ

ಕಡೂರಿನಿಂದ ಮೂಡಿಗೆರೆಗೆ ಸುಮಾರು 70 ಕಿಲೋಮೀಟರ್. ಅಷ್ಟರೊಳಗೆ ಮಳೆ ಮೂರು ಪಟ್ಟಿಗೂ ಜಾಸ್ತಿ ಆಗುತ್ತದೆ. ಕಡೂರು, ಅರಸೀಕೆರೆ ಕಡೆ ವರ್ಷಕ್ಕೆ 600ರಿಂದ 700 ಮಿಲಿಮೀಟರ್ ಬಿದ್ದರೆ, ಮೂಡಿಗೆರೆ, ಸಕಲೇಶಪುರದ ಕಡೆ 2,000 ದಾಟುತ್ತದೆ. ಹಳೆಯ ಊರುಗಳ ವಿಷಯಕ್ಕೆ ಬಂದರೆ ಇದರಿಂದ ದೊಡ್ಡ ವ್ಯತ್ಯಾಸ ಆಗುತ್ತದೆ. ಒಣ ಸೀಮೆಯಲ್ಲಿ ಮೂಳೆ ಉಳಿಯುತ್ತದೆ, ಬೂದಿ ಉಳಿಯುತ್ತದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಹಾವೇರಿ ಜಿಲ್ಲೆಯ ಹಳ್ಳೂರಿನಂಥ ನೆಲೆಗಳಲ್ಲಿ ಅಗೆದಾಗ ಪದರ ಪದರವಾಗಿ ಊರು ಸಿಕ್ಕಿತು. ದಕ್ಷಿಣದ ಮೊದಲ ರೈತರು ಹುರುಳಿ, ಹೆಸರು, ಕೊರಲೆ ಬೆಳೆಯುತ್ತಿದ್ದರು, ದನ ಸಾಕುತ್ತಿದ್ದರು ಎಂದು ತಿಳಿದದ್ದೂ ಇಂಥ ಒಣ ಸೀಮೆಯ ನೆಲೆಗಳಿಂದಲೇ. (ರಾಗಿ ಮಾತ್ರ ಆಫ್ರಿಕಾದಿಂದ ಆಮೇಲೆ ಬಂದದ್ದು. ಹಾಸನದವರ ಮುಂದೆ ಈ ಮಾತನ್ನು ಹುಷಾರಾಗಿ ಆಡಬೇಕು.)

ಮಲೆನಾಡಿನಲ್ಲಿ ಹಾಗಲ್ಲ. ಇಲ್ಲಿನ ಮಣ್ಣು ಹುಳಿ ಮಣ್ಣು, ಮೂಳೆಯನ್ನು ತಿಂದುಬಿಡುತ್ತದೆ. ಮರದ ಕಂಬ ಗೆದ್ದಲಿಗೆ ಹೋಗುತ್ತದೆ. ಮಣ್ಣಿನ ಗೋಡೆಯ ಮೇಲಿನ ಹುಲ್ಲು ಹೊದಿಕೆ ಬಿದ್ದರೆ, ಕೆಲವೇ ಮಳೆಗಾಲದಲ್ಲಿ ಗೋಡೆ ಮತ್ತೆ ಮಣ್ಣಾಗುತ್ತದೆ. ಇದನ್ನು ಕಣ್ಣಾರೆ ನೋಡಬೇಕಾದರೆ ಶೆಟ್ಟಿಹಳ್ಳಿಗೆ ಹೋಗಬೇಕು. ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿಗೆ ಆ ಊರು ಬಿಟ್ಟುಹೋಗಿ ಇನ್ನೂ ಅರ್ಧ ಶತಮಾನ ಅಷ್ಟೇ. ಇಟ್ಟಿಗೆ, ಗಾರೆಯ ಚರ್ಚು ಇವತ್ತಿಗೂ ನೀರಿನ ನಡುವೆ ನಿಂತಿದೆ, ಜನ ಅದನ್ನು ನೋಡಲು ಬರುತ್ತಾರೆ. ಅದರ ಸುತ್ತ ಬದುಕಿದವರ ಮನೆಗಳು ಯಾರ ಫೋಟೊದಲ್ಲೂ ಇಲ್ಲ. ಅರ್ಧ ಶತಮಾನಕ್ಕೇ ಹೀಗಾದರೆ ಸಾವಿರ ವರ್ಷದ ಹಿಂದಿನ ರೈತನ ಮನೆಯ ಗತಿ ಏನು?

ಇಲ್ಲಿ ಉಳಿಯುವುದು ನೆಲದ ಆಕಾರ. ಕಲ್ಲು, ಮಡಕೆ ಚೂರು, ಇದ್ದಿಲು ಕೂಡ ಉಳಿಯುತ್ತವೆ. ಆದರೆ ಎಲ್ಲಕ್ಕಿಂತ ಗಟ್ಟಿಯಾಗಿ ಉಳಿಯುವುದು ಮನುಷ್ಯ ಕಡಿದ, ತುಂಬಿದ, ಮಟ್ಟ ಮಾಡಿದ ಮಣ್ಣು. ಬದು, ಅಗಳು, ಕಾಲುವೆ, ಕಣ, ಕೆರೆ ಏರಿ. ಹಾಗಾಗಿ ಮಲೆನಾಡಿನ ಹಳೆಯ ರೈತರ ಬಗ್ಗೆ ತಿಳಿಯಬೇಕಾದರೆ ಅವರ ಮನೆಗಿಂತ ಅವರ ಹೊಲವನ್ನೇ ಮೊದಲು ನೋಡಬೇಕು.

ಗುಡ್ಡದ ಮೈಯನ್ನು ನೋಡುವ ಬಗೆ

ಬೆಳಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ಹುಲ್ಲುಗುಡ್ಡವನ್ನು ಎದುರಿನ ಗುಡ್ಡದಿಂದ ನೋಡಿ. ಮಧ್ಯಾಹ್ನ ಕಾಣದ ಮೆಟ್ಟಿಲುಗಳು ಆಗ ನೆರಳಿನಿಂದ ಎದ್ದು ಕಾಣುತ್ತವೆ. ದನ ನಡೆದು ಆದ ಜಾಡೂ ಮೆಟ್ಟಿಲಿನ ಹಾಗೇ ಇರುತ್ತದೆ. ಆದರೆ ಅದು ಕಿರಿದು, ಒಂದರ ಪಕ್ಕ ಒಂದು ಹೆಣೆದುಕೊಂಡಿರುತ್ತದೆ. ಹೊಲದ ಮೆಟ್ಟಿಲು ಅಗಲ. ಗುಡ್ಡದ ಸುತ್ತ ಒಂದೇ ಮಟ್ಟದಲ್ಲಿ ಸಾಗಿ, ಒಂದು ಕಡೆ ಥಟ್ಟನೆ ನಿಲ್ಲುತ್ತದೆ. ನಿಂತ ಜಾಗದಲ್ಲಿ ಅಡ್ಡ ಬದು ಇರುತ್ತದೆ. ಅಲ್ಲಿಗೆ ಒಬ್ಬನ ಹೊಲ ಮುಗಿಯಿತು, ಇನ್ನೊಬ್ಬನದು ಶುರು.

ಈ ಮೆಟ್ಟಿಲುಗಳನ್ನೆಲ್ಲ ಯಾರೋ ಕಟ್ಟಿದ್ದಾರೆ ಅಂದುಕೊಳ್ಳಬೇಕಿಲ್ಲ. ಇಳಿಜಾರಿನಲ್ಲಿ ಅಡ್ಡಕ್ಕೆ ನೇಗಿಲು ಹೊಡೆದರೆ ಪ್ರತಿ ಉಳುಮೆಗೂ ಮಣ್ಣು ಸ್ವಲ್ಪ ಕೆಳಗೆ ಜಾರುತ್ತದೆ. ಹೊಲದ ಕೆಳ ಅಂಚಿನಲ್ಲಿ ಒಂದು ಬೇಲಿಯೋ ಕಲ್ಲಿನ ಸಾಲೋ ಇದ್ದರೆ ಅಲ್ಲಿ ತಡೆದು ನಿಲ್ಲುತ್ತದೆ. ಮೇಲಿನ ಅಂಚು ಸವೆದು ಕೊರಕಲಾಗುತ್ತದೆ, ಕೆಳಗಿನ ಅಂಚು ಎತ್ತರವಾಗುತ್ತದೆ. ಹತ್ತಾರು ತಲೆಮಾರು ಕಳೆದರೆ ಆಳೆತ್ತರದ ಹಂತ. ಬೇಲಿ ಹೋದರೂ, ರೈತ ಹೋದರೂ ಆ ಹಂತ ಇರುತ್ತದೆ. ಅದರ ಎತ್ತರ ನೋಡಿದರೆ ಅಲ್ಲಿ ಎಷ್ಟು ಕಾಲ ಉಳುಮೆ ನಡೆದಿರಬಹುದು ಎಂಬ ಒಂದು ಅಂದಾಜು ಸಿಗುತ್ತದೆ. ಅಂದಾಜು ಅಷ್ಟೇ. ಜೋರು ಮಳೆಯ ಜಾಗದಲ್ಲಿ ಇದೇ ಹಂತ ಬೇಗ ಬೆಳೆಯುತ್ತದೆ.

ಕಣಿವೆಯ ತಳದ ಗದ್ದೆಗಳದ್ದು ಬೇರೆ ಕತೆ. ಮಲೆನಾಡಿನ ರೈತನಿಗೆ ನೆಲ ಒಂದೇ ಅಲ್ಲ. ತಳದಲ್ಲಿ ಸದಾ ತೇವ ಇರುವ ಬೈಲು ಗದ್ದೆ, ಅದರ ಮೇಲೆ ಮಳೆ ನಂಬಿದ ಮಕ್ಕಿ ಗದ್ದೆ, ಅದಕ್ಕೂ ಮೇಲೆ ಹಕ್ಕಲು, ಅದರಾಚೆ ಸೊಪ್ಪಿನ ಬೆಟ್ಟ. ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆ ಗೊಬ್ಬರ ಗದ್ದೆಗೆ. ಒಂದನ್ನು ಬಿಟ್ಟು ಇನ್ನೊಂದಿಲ್ಲ. ಹಾಳೂರಿನಲ್ಲೂ ಈ ಸಾಲನ್ನೇ ಹುಡುಕಬೇಕು. ಬರೀ ಗದ್ದೆ ಗುರುತು ಹಾಕಿ ಬಂದರೆ ಅರ್ಧ ಕೆಲಸ ಮಾಡಿದ ಹಾಗೆ.

ಬೈಲು ಗದ್ದೆ ಕಾಡಾಗಿದ್ದರೂ ಅದನ್ನು ಗುರುತಿಸಬಹುದು. ವರ್ಷ ವರ್ಷ ಕೆಸರು ತುಳಿದು, ಹೂಡಿ ಹೂಡಿ, ನೇಗಿಲಿನ ಆಳಕ್ಕಿಂತ ಸ್ವಲ್ಪ ಕೆಳಗೆ ಮಣ್ಣು ಒತ್ತಿ ಗಟ್ಟಿ ಪದರವಾಗಿರುತ್ತದೆ. ನೀರು ಇಂಗದಿರಲಿ ಎಂದು ರೈತನಿಗೂ ಬೇಕಾದದ್ದು ಅದೇ. ಆ ಮಣ್ಣನ್ನು ಕತ್ತರಿಸಿ ನೋಡಿದರೆ ಬೂದುಬಣ್ಣದ ನಡುವೆ ತುಕ್ಕಿನ ಗೆರೆಗಳು ಕಾಣುತ್ತವೆ. ಅರ್ಧ ವರ್ಷ ನೀರು ನಿಂತು, ಅರ್ಧ ವರ್ಷ ಒಣಗಿದಾಗ ಮಣ್ಣಿನೊಳಗಿನ ಕಬ್ಬಿಣ ಕರಗಿ, ಮತ್ತೆ ಭತ್ತದ ಬೇರು ಹೋದ ದಾರಿಯಲ್ಲೇ ತುಕ್ಕಾಗಿ ಕೂರುತ್ತದೆ. ಇನ್ನೊಂದು ವಿಷಯ: ಗುಡ್ಡದಿಂದ ಮಣ್ಣು ಜಾರಿ ಬಂದು ತಳದಲ್ಲಿ ತುಂಬುತ್ತಲೇ ಇರುತ್ತದೆ. ಹಾಗಾಗಿ ಈಗ ನಾಟಿ ಮಾಡುವ ಗದ್ದೆಯ ಕೆಳಗೆ ಕೆಲವು ಅಡಿ ಆಳದಲ್ಲಿ ಇನ್ನೊಂದು ಹಳೆಯ ಗದ್ದೆ ಮಲಗಿರಬಹುದು.

ಇನ್ನು ಊರು. ಅದು ಸಾಮಾನ್ಯವಾಗಿ ಗದ್ದೆಯ ಮೇಲೆಯೇ ಇರುವುದಿಲ್ಲ, ಗದ್ದೆಯನ್ನು ನೋಡುವ ಹಾಗೆ ಸ್ವಲ್ಪ ಎತ್ತರದಲ್ಲಿರುತ್ತದೆ. ಒಳ್ಳೆಯ ಗದ್ದೆ ಜಾಗವನ್ನು ಮನೆಗೆ ಹಾಳುಮಾಡುವಷ್ಟು ಯಾರೂ ದಡ್ಡರಲ್ಲ. ಗುಡ್ಡ ಕಡಿದು ಮಾಡಿದ ಮಟ್ಟ ಜಾಗ, ಅಡಿಪಾಯದ ಕಲ್ಲಿನ ಸಾಲು, ಹೂತುಹೋದ ಬೀಸುಕಲ್ಲು, ಒರಳು, ಬಾವಿಯ ಗುಂಡಿ. ಅಕ್ಕಪಕ್ಕ ಗಾಳಿ ಬೀಸುವ ಕಡೆ ಉರುಟಾದ ಸಪಾಟು ಜಾಗ ಇದ್ದರೆ ಅದು ಕಣ. ಊರ ಬಾಗಿಲಲ್ಲಿ ಕರುಗಲ್ಲು, ದಾರಿ ಬದಿ ವೀರಗಲ್ಲು ಅಥವಾ ಮಾಸ್ತಿಕಲ್ಲು ಇದ್ದರೆ ಅದೃಷ್ಟ. ಕಾಡಿನ ನಡುವೆ ಒಂದೇ ಕಡೆ ದೊಡ್ಡ ಹಲಸು, ಮಾವು, ಬಿದಿರು ಮೆಳೆ ಗುಂಪಾಗಿ ನಿಂತಿದ್ದರೂ ಅನುಮಾನ ಪಡಬಹುದು.

ಇಲ್ಲಿ ಒಂದು ಮೋಸವೂ ಇದೆ. ಒಂದೇ ಅಳತೆಯ ಕೋಣೆಗಳು ಸಾಲಾಗಿ, ಒಂದೇ ಗೋಡೆ ಹಂಚಿಕೊಂಡು ನಿಂತಿದ್ದರೆ ಅದು ಹಳೆಯ ಊರಲ್ಲ, ಎಸ್ಟೇಟಿನ ಕೂಲಿಯವರಿಗೆ ಕಟ್ಟಿದ ಲೈನ್ ಮನೆ. ಹೆಂಚಿನ ಚೂರು ಸಿಕ್ಕರೆ ಕಾಲ ಇನ್ನೂ ಸುಲಭ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಮಂಗಳೂರು ಹೆಂಚಿನ ತುಂಡು ಅಡಿಪಾಯದ ಒಳಗೇ ಸೇರಿದ್ದರೆ ಆ ಮನೆ ಅದಕ್ಕಿಂತ ಹಳೆಯದಾಗಲು ಸಾಧ್ಯವೇ ಇಲ್ಲ.

ಯಾವುದು ಮೊದಲು, ಯಾವುದು ಆಮೇಲೆ

ಅಗೆಯದೆಯೇ ಅರ್ಧ ಉತ್ತರ ಸಿಗುತ್ತದೆ. ಒಂದು ಗೆರೆ ಇನ್ನೊಂದನ್ನು ಕತ್ತರಿಸಿದರೆ, ಕತ್ತರಿಸಿದ್ದು ಹೊಸದು. ಎಸ್ಟೇಟಿನ ಅಗಳು ಒಂದು ಬದುವನ್ನು ಕಡಿದುಕೊಂಡು ಹೋಗಿದ್ದರೆ, ಬದು ಎಸ್ಟೇಟಿಗಿಂತ ಹಿಂದಿನದು. ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ದೊಡ್ಡ ಕಾಫಿ ತೋಟಗಳು ಎದ್ದದ್ದು 19ನೇ ಶತಮಾನದಲ್ಲಿ. ಬದುವೇ ಬಾಗಿ, ಒಂದು ಕಲ್ಲಿನ ಸಮಾಧಿಯನ್ನು ಬಳಸಿಕೊಂಡು ಹೋಗಿದ್ದರೆ ಸಮಾಧಿ ಮೊದಲಿತ್ತು. ಬದು ಸಮಾಧಿಯ ಕಲ್ಲನ್ನೇ ಕಿತ್ತು ಕಟ್ಟಿದ್ದರೂ ಉತ್ತರ ಅದೇ, ಆದರೆ ಆ ರೈತನಿಗೆ ಸತ್ತವರ ನೆನಪು ಇರಲಿಲ್ಲ, ಅಥವಾ ಇದ್ದರೂ ಲೆಕ್ಕಕ್ಕಿರಲಿಲ್ಲ.

ವರ್ಷ ಬೇಕು ಅಂದರೆ ಪ್ರಯೋಗಾಲಯ ಬೇಕು. ಇದ್ದಿಲಿನ ಕಾರ್ಬನ್ ಪರೀಕ್ಷೆ ಎಲ್ಲರೂ ಕೇಳಿದ್ದೇ. ಗಿಡ ಸತ್ತ ಮೇಲೆ ಅದರೊಳಗಿನ ಒಂದು ಬಗೆಯ ಕಾರ್ಬನ್ 5,730 ವರ್ಷಕ್ಕೆ ಅರ್ಧ ಆಗುತ್ತಾ ಹೋಗುತ್ತದೆ. ಆದರೆ ಹೊಲಕ್ಕೆ ಇದು ಅಷ್ಟು ಒಗ್ಗುವುದಿಲ್ಲ. ಬದುವಿನೊಳಗೆ ಸಿಕ್ಕ ಇದ್ದಿಲು ರೈತ ಹಚ್ಚಿದ ಬೆಂಕಿಯದೋ, ಅದಕ್ಕೂ ಐನೂರು ವರ್ಷ ಹಿಂದಿನ ಕಾಡ್ಗಿಚ್ಚಿನದೋ? ಕುಮ್ರಿ ಬೇಸಾಯ ನಡೆದ ಕಡೆ ಈ ಗೊಂದಲ ಇನ್ನೂ ಜಾಸ್ತಿ, ಯಾಕೆಂದರೆ ಕುಮ್ರಿಯವರು ಕಾಡು ಕಡಿದು ಸುಟ್ಟು ಬಿತ್ತುತ್ತಿದ್ದರು, ಬದು ಹಾಕುತ್ತಿರಲಿಲ್ಲ.

ಹಾಗಾಗಿ ಹೊಲಕ್ಕೆ ಇನ್ನೊಂದು ಪರೀಕ್ಷೆ ಮಾಡುತ್ತಾರೆ. ಮರಳಿನ ಕಣ ಮಣ್ಣಿನಡಿ ಹೂತುಹೋದ ಮೇಲೆ ಸುತ್ತಲಿನ ವಿಕಿರಣದ ಶಕ್ತಿ ಅದರೊಳಗೆ ಸ್ವಲ್ಪ ಸ್ವಲ್ಪವೇ ಸೇರುತ್ತದೆ. ಬಿಸಿಲು ಬಿದ್ದ ತಕ್ಷಣ ಅಷ್ಟೂ ಖಾಲಿ. ಕತ್ತಲೆಯ ಲ್ಯಾಬಿನಲ್ಲಿ ಆ ಕಣಕ್ಕೆ ಬೆಳಕು ಹಾಯಿಸಿ, ಅದು ಹೊರಬಿಡುವ ಮಂದ ಬೆಳಕನ್ನು ಅಳೆದರೆ ಕೊನೆಯ ಸಲ ಬಿಸಿಲು ಕಂಡದ್ದು ಯಾವಾಗ ಎಂದು ತಿಳಿಯುತ್ತದೆ. ಬದು ಕಟ್ಟುವಾಗ ಅಡಿಯಲ್ಲಿ ಮುಚ್ಚಿಹೋದ ಮಣ್ಣಿನ ಲೆಕ್ಕ ನೇರವಾಗಿ ಸಿಕ್ಕ ಹಾಗಾಯಿತು. ಇದಕ್ಕೆ ಮಾದರಿ ತೆಗೆಯುವಾಗ ಬೆಳಕು ತಾಗಬಾರದು. ಹಾಗಾಗಿ ಬೆಳಕು ತೂರದ ಕೊಳವೆಯನ್ನು ಬದುವಿನೊಳಗೆ ಬಡಿದು, ಬಾಯಿ ಮುಚ್ಚಿ ಒಯ್ಯುತ್ತಾರೆ.

ಬೆಳೆ ಯಾವುದು ಎಂದು ತಿಳಿಯಲೂ ದಾರಿ ಇದೆ. ಭತ್ತ, ರಾಗಿಯಂಥ ಹುಲ್ಲಿನ ಜಾತಿಯ ಗಿಡಗಳು ಮಣ್ಣಿನಿಂದ ಸಿಲಿಕಾ ಹೀರಿ ತಮ್ಮ ಜೀವಕೋಶದೊಳಗೆ ತುಂಬಿಕೊಳ್ಳುತ್ತವೆ. ಗಿಡ ಕೊಳೆತರೂ ಆ ಗಾಜಿನಂಥ ಅಚ್ಚು ಮಣ್ಣಿನಲ್ಲಿ ಉಳಿಯುತ್ತದೆ. ಭತ್ತದ ಹೊಟ್ಟಿನ ಅಚ್ಚೇ ಬೇರೆ, ಸೂಕ್ಷ್ಮದರ್ಶಕದಲ್ಲಿ ಗೊತ್ತಾಗುತ್ತದೆ. ಮೂಳೆ ತಿನ್ನುವ ನಮ್ಮ ಹುಳಿ ಮಣ್ಣು ಇದನ್ನು ಮಾತ್ರ ಅಷ್ಟಾಗಿ ಮುಟ್ಟುವುದಿಲ್ಲ.

ದನ ಕಟ್ಟಿದ ಜಾಗ, ಜನ ಇದ್ದ ಜಾಗ ಹುಡುಕಲು ರಂಜಕದ, ಅಂದರೆ ಫಾಸ್ಫರಸ್‌ನ ಅಳತೆ ಮಾಡುತ್ತಾರೆ. ಸಗಣಿ, ಗಂಜಲ, ಬೂದಿ, ಅಡುಗೆಮನೆ ಕಸ ಎಲ್ಲದರಲ್ಲೂ ರಂಜಕ ಇದೆ. ಅದು ಕೆಂಪು ಮಣ್ಣಿನ ಕಬ್ಬಿಣಕ್ಕೆ ಅಂಟಿಕೊಂಡರೆ ಎಷ್ಟು ಮಳೆ ಬಂದರೂ ಸುಲಭಕ್ಕೆ ತೊಳೆದುಹೋಗುವುದಿಲ್ಲ. ಸ್ವೀಡನ್ನಿನ ಓಲೋಫ್ ಅರ್ಹೀನಿಯಸ್ ಸುಮಾರು ನೂರು ವರ್ಷದ ಹಿಂದೆ ಬೀಟ್ ಬೆಳೆಯುವ ಹೊಲಗಳ ಮಣ್ಣು ಪರೀಕ್ಷೆ ಮಾಡುವಾಗ ಇದನ್ನು ಗಮನಿಸಿದ್ದ. ಆದರೆ ನಮ್ಮ ಕಾಫಿ ತೋಟದಲ್ಲಿ ಈ ಪರೀಕ್ಷೆ ಕೈಕೊಡುತ್ತದೆ. ನಾವೇ ಮೂಟೆಗಟ್ಟಲೆ ರಾಕ್ ಫಾಸ್ಫೇಟ್ ಸುರಿದಿದ್ದೇವಲ್ಲ!

ಬೇರೆ ದೇಶದ ಎರಡು ಗುಡ್ಡಗಳು

ಇಂಗ್ಲೆಂಡಿನ ಡಾರ್ಟ್‌ಮೂರ್ ನಮ್ಮ ಸಕಲೇಶಪುರದ ಹುಲ್ಲುಗುಡ್ಡಗಳಂತೆಯೇ ಮಂಜು, ಮಳೆ, ಹುಳಿ ಮಣ್ಣಿನ ಜಾಗ. ಅಲ್ಲಿ ಬೆಟ್ಟದ ಮೇಲೆ ಮೈಲಿಗಟ್ಟಲೆ ಸಾಗುವ ಮೊಣಕಾಲೆತ್ತರದ ಕಲ್ಲಿನ ಸಾಲುಗಳಿವೆ. ಕೆಲವರು ಅವನ್ನು ಹಳೆಯ ರಸ್ತೆ ಅಂದುಕೊಂಡಿದ್ದರು. 1970ರ ದಶಕದಲ್ಲಿ ಆಂಡ್ರ್ಯೂ ಫ್ಲೆಮಿಂಗ್ ಮತ್ತು ಇತರರು ಅವುಗಳ ಮೇಲೆ ನಡೆದು, ಅಳೆದು, ಅಗೆದು, ಅವು ಸುಮಾರು 3,500 ವರ್ಷದ ಹಿಂದಿನ ಹೊಲದ ಎಲ್ಲೆಗಳು ಎಂದು ತೋರಿಸಿದರು. ನಡುನಡುವೆ ದುಂಡನೆಯ ಮನೆಗಳ ಅಡಿಪಾಯ. ಗ್ರಿಮ್ಸ್‌ಪೌಂಡ್ ಎಂಬಲ್ಲಿ ಒಂದೇ ಕಲ್ಲಿನ ಆವರಣದೊಳಗೆ ಅಂಥ 24 ಇವೆ. ಹೊಲಗಳು ಒಂದರ ಪಕ್ಕ ಒಂದು ಸಮಾನಾಂತರವಾಗಿ, ಗುಡ್ಡದ ಏರಿಳಿತವನ್ನೂ ಲೆಕ್ಕಿಸದೆ ಹೋಗುತ್ತವೆ. ಅಂದರೆ ಯಾರೋ ಕೂತು ಇಡೀ ಬೆಟ್ಟವನ್ನೇ ಹಂಚಿದ್ದರು. ನಮ್ಮಲ್ಲಿ ಗದ್ದೆ ನೀರು ಹರಿಯುವ ದಾರಿ ನೋಡಿ ಬಾಗುತ್ತದೆ. ಈ ಒಂದು ವ್ಯತ್ಯಾಸದಲ್ಲೇ ಎರಡು ಸಮಾಜಗಳ ಬೇಸಾಯ ಕಾಣುತ್ತದೆ.

ಐರ್ಲೆಂಡಿನ ಕೇಜ್ ಹೊಲಗಳ ಕತೆ ನನಗೆ ಇನ್ನೂ ಇಷ್ಟ. ಅಲ್ಲಿ ಕೊಳೆತ ಸಸ್ಯಗಳು ಶತಮಾನಗಟ್ಟಲೆ ಒಟ್ಟಾಗಿ ಕಪ್ಪು ಪದರವಾಗಿವೆ. ಅದನ್ನೇ ಕಡಿದು ಒಣಗಿಸಿ ಉರಿಸುತ್ತಾರೆ. 1930ರ ದಶಕದಲ್ಲಿ ಪ್ಯಾಟ್ರಿಕ್ ಕಾಲ್‌ಫೀಲ್ಡ್ ಎಂಬ ಶಾಲಾ ಮೇಷ್ಟ್ರು ಹೀಗೆ ಕಡಿಯುವಾಗ ತಳದಲ್ಲಿ ಕಲ್ಲಿನ ಸಾಲು ನೋಡಿದರು. ಕೆಸರಿನ ಪದರ ಬೆಳೆಯುವ ಮೊದಲೇ ಕಲ್ಲು ಇಟ್ಟಿದ್ದಾರೆ ಅಂದರೆ ಅದೆಷ್ಟು ಹಳೆಯದಿರಬೇಕು ಎಂದು ಅವರಿಗೆ ಹೊಳೆಯಿತು. ಅವರ ಮಗ ಸೀಮಸ್ ಪುರಾತತ್ವ ಓದಿ, ಕಬ್ಬಿಣದ ಸರಳು ಚುಚ್ಚಿ ಚುಚ್ಚಿ, ಕಲ್ಲು ತಾಗಿದ ಕಡೆ ಗುರುತು ನೆಟ್ಟು, ಮಣ್ಣಿನಡಿಯ ಹೊಲಗಳ ನಕ್ಷೆ ತೆಗೆದರು. 5,000 ವರ್ಷಕ್ಕೂ ಹಳೆಯವು ಎಂದು ಲೆಕ್ಕ ಹಾಕಿದರು. ಅಷ್ಟು ಹಳೆಯವಲ್ಲ ಎಂದು ಈಚೆಗೆ ವಾದಿಸಿದವರೂ ಇದ್ದಾರೆ. ಕಲ್ಲಿನ ಗೋಡೆಗೆ ವಯಸ್ಸು ಹೇಳುವುದು ಎಲ್ಲೂ ಸುಲಭವಲ್ಲ.

ಕಲ್ಲುಗುಡ್ಡೆ ಮತ್ತು ನಿಧಿ

ಹಾಸನದ ಗಡಿಗೆ ತಾಗಿದ ಸೋಮವಾರಪೇಟೆ ತಾಲ್ಲೂಕಿನ ದೊಡ್ಡಮಳ್ತೆಯಲ್ಲಿ ಕಲ್ಲಿನ ಚಪ್ಪಡಿಗಳ ಸಮಾಧಿಗಳಿವೆ. ಜನ ಇಂಥವನ್ನು ಪಾಂಡವರ ಮನೆ ಅನ್ನುತ್ತಾರೆ. ಕಬ್ಬಿಣದ ಕಾಲದವರು ಸತ್ತವರಿಗೆ ಕಟ್ಟಿದ್ದು. ಸತ್ತವರ ಮನೆ ಕಲ್ಲಿನದು, ಹಾಗಾಗಿ ಉಳಿಯಿತು. ಅವರು ಬದುಕಿದ್ದ ಮನೆ ಮಣ್ಣಿನದು, ಕರಗಿತು. ಅವರ ಊರು ಹುಡುಕಬೇಕಾದರೆ ಸಮಾಧಿಯ ಸುತ್ತ ಅಗೆಯುವುದಕ್ಕಿಂತ ಕೆಳಗಿನ ಕಣಿವೆಯಲ್ಲಿ ನೀರು ಎಲ್ಲಿದೆ ನೋಡುವುದು ಜಾಣತನ.

ಹೊಲ ಹಸನು ಮಾಡುವಾಗ ಆರಿಸಿ ಒಟ್ಟಿದ ಕಲ್ಲುಗುಡ್ಡೆಯನ್ನೂ ಜನ ಸಮಾಧಿ ಅಂದುಕೊಳ್ಳುತ್ತಾರೆ. ಸಮಾಧಿಗೆ ಸಾಮಾನ್ಯವಾಗಿ ಸುತ್ತ ದೊಡ್ಡ ಕಲ್ಲಿನ ಉಂಗುರ ಇರುತ್ತದೆ, ಒಳಗೆ ಚಪ್ಪಡಿಯ ಪೆಟ್ಟಿಗೆ ಇರುತ್ತದೆ. ಹೊಲದ ಗುಡ್ಡೆಗೆ ಅಂಥ ಶಿಸ್ತಿಲ್ಲ, ಕೈಗೆ ಸಿಕ್ಕದ್ದನ್ನು ಎಸೆದದ್ದು. ಎರಡರಲ್ಲೂ ನಿಧಿ ಇರುವುದಿಲ್ಲ. ಆದರೂ ರಾತ್ರಿ ಬಂದು ಅಗೆಯುವವರಿಗೆ ಈ ಮಾತು ಬೇಕಿಲ್ಲ.

ಊರು ಯಾಕೆ ಬಿಟ್ಟರು

ಒಂದೇ ಕಾರಣ ಹುಡುಕುವುದು ಸುಮ್ನೆ. ಕೆರೆ ಒಡೆದಿರಬಹುದು, ಪಾಳೆಯಗಾರರ ಜಗಳ ಇರಬಹುದು, ಚಳಿಜ್ವರ ಇರಬಹುದು. 1898ರಲ್ಲಿ ಪ್ಲೇಗ್ ಮೈಸೂರು ಸೀಮೆಗೆ ಕಾಲಿಟ್ಟ ಮೇಲೆ ಊರಾಚೆ ಗುಡಿಸಲು ಹಾಕಿಕೊಂಡವರು ಕೆಲವು ಕಡೆ ಹಳೆಯ ಮನೆಗೆ ವಾಪಸ್ ಹೋಗಲೇ ಇಲ್ಲ. ಊರು ಬಿಟ್ಟರೂ ಗದ್ದೆ ಬಿಡದೆ ಪಕ್ಕದ ಊರಿನಿಂದ ಬಂದು ಸಾಗುವಳಿ ಮಾಡಿದ್ದೂ ಉಂಟು. ಹಾಗಾಗಿ ಮನೆ ಹಾಳಾದ ಕಾಲ, ಹೊಲ ಹಾಳಾದ ಕಾಲ ಎರಡನ್ನೂ ಬೇರೆ ಬೇರೆಯಾಗಿಯೇ ಹುಡುಕಬೇಕು.

ಈಗ ಹಾಳಾಗುತ್ತಿರುವ ವೇಗವೇ ಬೇರೆ. ಜೆಸಿಬಿ ಒಂದು ಬೆಳಗಿನಲ್ಲಿ ಹತ್ತು ತಲೆಮಾರಿನ ಬದುವನ್ನು ಮಟ್ಟ ಮಾಡುತ್ತದೆ. ಗದ್ದೆಗೆ ಅಡಿಕೆ ಬಂತು, ಶುಂಠಿ ಬಂತು, ಹೋಮ್‌ಸ್ಟೇ ಬಂತು. ರೈತನನ್ನು ದೂರಿ ಪ್ರಯೋಜನವಿಲ್ಲ, ಭತ್ತ ಬೆಳೆದು ಬದುಕುವುದು ಕಷ್ಟ. ಆದರೆ ಬೇಲೂರು, ಹಳೇಬೀಡಿನ ಗುಡಿಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು, ಅವನ್ನು ಸಾಕಿದ ಹೊಲಗಳನ್ನು ಕೇಳುವವರಿಲ್ಲ. ಡಾರ್ಟ್‌ಮೂರಿನಲ್ಲಿ ಹೊಲದ ಕಲ್ಲುಸಾಲಿಗೂ ಕಾನೂನಿನ ರಕ್ಷಣೆ ಇದೆ. ನಮ್ಮ 1958ರ ಸ್ಮಾರಕ ಕಾನೂನಿನಲ್ಲಿ 100 ವರ್ಷ ದಾಟಿದ ಕಟ್ಟಡ, ಶಾಸನ, ಹಾಳು ನೆಲೆಗಳಿಗೆ ಜಾಗ ಇದೆ. ಬದುವನ್ನು ಸ್ಮಾರಕ ಎಂದು ನೋಡುವ ಅಭ್ಯಾಸ ಮಾತ್ರ ಬಂದಿಲ್ಲ.

ತೋಟ ಇರುವವರು ಮಾಡಬಹುದಾದ ಕೆಲಸ ಸಣ್ಣದು. ಮಳೆನೀರು ಇಂಗಲೆಂದು ಗಿಡಗಳ ನಡುವೆ ತೊಟ್ಟಿಲು ಗುಂಡಿ ತೆಗೆಯುವಾಗ ಮಣ್ಣಿನ ಗೋಡೆ ನೀಟಾಗಿ ಕಾಣುತ್ತದೆ. ಅಲ್ಲಿ ಕಪ್ಪು ಇದ್ದಿಲಿನ ಪದರ, ತುಕ್ಕು ಗೆರೆಯ ಬೂದು ಮಣ್ಣು ಅಥವಾ ಮಡಕೆ ಚೂರು ಕಂಡರೆ ಪಕ್ಕದಲ್ಲಿ ಕತ್ತಿಯನ್ನೋ ಅಳತೆ ಟೇಪನ್ನೋ ಇಟ್ಟು ಫೋಟೊ ತೆಗೆಯಿರಿ. ಸರ್ವೆ ನಂಬರ್, ಆಳ ಎಷ್ಟು ಎಂದು ಬರೆದಿಡಿ. ರಾಜ್ಯ ಪುರಾತತ್ವ ಇಲಾಖೆಯ ಕಚೇರಿ ಮೈಸೂರಿನಲ್ಲಿದೆ, ಅಲ್ಲಿಗೆ ತಿಳಿಸಿ. ನಾಣ್ಯ, ಒಡವೆ ಸಿಕ್ಕರಂತೂ ಸರ್ಕಾರಕ್ಕೆ ತಿಳಿಸಲೇಬೇಕು, ಆ ಕಾನೂನು 1878ರಿಂದಲೇ ಇದೆ. ಮಡಕೆ ಚೂರು ಕೈಗೆ ಬಂದರೆ ಮಾತ್ರ ದಯವಿಟ್ಟು ತೊಳೆಯಬೇಡಿ. ಅದರಲ್ಲಿ ಏನು ಬೇಯಿಸಿದ್ದರು ಎಂಬುದು ಒಳಮೈಗೆ ಹತ್ತಿದ ಕರಿಯಲ್ಲೇ ಇರಬಹುದು.